ಅಗ್ಗಿಷ್ಟಗೆ: ಶಾಸನದೊಳಗಿನ ಬೆಂಕಿ ಮತ್ತು ಅಪ್ಪನ ಬಚ್ಚಲೊಲೆ

ಶಾಸನಗಳಲ್ಲಿ ನನಗೆ ಹೆಚ್ಚು ಇಷ್ಟವಾಗೋದು ದತ್ತಿಯ ಪಟ್ಟಿ. ರಾಜನ ಬಿರುದು, ವಂಶಾವಳಿ, ಗೆದ್ದ ಯುದ್ಧಗಳೆಲ್ಲ ಮುಗಿದ ಮೇಲೆ ಬರುವ ಭಾಗ ಅದು. ಯಾವುದಕ್ಕೆ ಎಷ್ಟು ಭೂಮಿ, ಯಾವ ಗಾಣದಿಂದ ಎಷ್ಟು ಎಣ್ಣೆ ಅನ್ನೋ ಲೆಕ್ಕ ಅಲ್ಲಿರುತ್ತದೆ. ಹಗಲೆಲ್ಲ ಕಾರ್ಖಾನೆಯೊಂದರಲ್ಲಿ ಪೈಪು, ಪಂಪುಗಳ ಲೆಕ್ಕ ಹಾಕುವ ನನ್ನಂಥವನಿಗೆ ಅದು ಬೇಗ ಅರ್ಥವಾಗುವ ಭಾಷೆ. ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ಓದಲು ಶುರು ಮಾಡಿದ ದಿನದಿಂದಲೂ ಈ ಪಟ್ಟಿಗಳನ್ನು ಎಕ್ಸೆಲ್ ಹಾಳೆಯಲ್ಲಿ ತುಂಬಿಸುತ್ತಾ ಬಂದಿದ್ದೇನೆ. ದೇವರ ಅಂಗಭೋಗ ರಂಗಭೋಗಕ್ಕೆ ಒಂದು ಕಾಲಂ, ನಂದಾದೀವಿಗೆಗೆ ಒಂದು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಒಂದು, ತಪೋಧನರ ಆಹಾರದಾನಕ್ಕೆ ಒಂದು, ಅರವಟ್ಟಿಗೆಗೆ ಒಂದು.

ಆ ಹಾಳೆಯಲ್ಲಿ ‘ಹೋಮ-ಯಜ್ಞ’ ಅಂತಲೂ ಒಂದು ಕಾಲಂ ಇತ್ತು. ‘ಅಗ್ಗಿಷ್ಟಗೆ’ ಎಂಬ ಪದ ಕಂಡಾಗಲೆಲ್ಲ ಅದನ್ನು ಅಲ್ಲಿ ಹಾಕುತ್ತಿದ್ದೆ. ಅಗ್ನಿ ಇದೆ, ಇಷ್ಟಿ ಇದೆ, ಅಂದಮೇಲೆ ಯಜ್ಞವೇ ಇರಬೇಕು ಅನ್ನೋದು ನನ್ನ ತರ್ಕ. ಸುಮಾರು ಎರಡು ವರ್ಷ ಹೀಗೇ ನಡೆಯಿತು. ಗುರುವಿಲ್ಲದೆ ಕಲಿತವರಿಗೆ ಆಗುವ ಪಾಡು ಇದು: ತಪ್ಪು ಮಾಡಿದ್ದು ಗೊತ್ತಾಗೋದಿಲ್ಲ, ಅದರ ಮೇಲೆ ಇನ್ನೂ ನಾಲ್ಕು ಅಂತಸ್ತು ಕಟ್ಟಿಬಿಟ್ಟಿರುತ್ತೇವೆ.

ನಮ್ಮ ಓದುವ ಗುಂಪಿನಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ಹಾಳೆ ನೋಡಿ ನಕ್ಕರು. “ನಿಮ್ಮ ಊರಲ್ಲಿ ಅಪ್ಪ ಬೆಳಗ್ಗೆ ಎಲ್ಲಿ ಕೂರ್ತಾರ್ರೀ?” ಅಂದರು. “ಬಚ್ಚಲೊಲೆ ಮುಂದೆ” ಅಂದೆ. “ಹಾಂ, ಅದೇ. ಚಳಿ ಕಾಯಿಸೋ ಬೆಂಕಿ. ಯಜ್ಞಕ್ಕೆ ಹಾಕಿದ್ದನ್ನೆಲ್ಲ ತೆಗೀರಿ, ಅರವಟ್ಟಿಗೆ ಪಕ್ಕಕ್ಕೆ ಹಾಕ್ರಿ.”

ಕಾಲಂ ಬದಲಿಸಿದೆ. ಆದರೆ ಆ ಪದ ಮನಸ್ಸಿನಿಂದ ಹೋಗಲಿಲ್ಲ. ಕಳೆದ ಚಳಿಗಾಲದಲ್ಲಿ ಮನೆಯಲ್ಲೇ ನಡೆದ ಒಂದು ಸಂಗತಿ ಅದನ್ನು ಮತ್ತೆ ಕೆದಕಿತು. ಅದಕ್ಕೇ ಈ ಬರಹ.

ಪದದ ಹಿಂದೆ

ಅಗ್ಗಿಷ್ಟಗೆ, ಅಗ್ಗಿಷ್ಟಿಗೆ, ಅಗ್ಗಿಷ್ಟಿಕೆ ಎಂದು ನಾನಾ ರೂಪಗಳಲ್ಲಿ ಸಿಗುವ ಈ ಪದ ಸಂಸ್ಕೃತದ ಅಗ್ನಿಷ್ಟಿಕೆಯ ತದ್ಭವ. ಅಗ್ನಿ ನಮ್ಮ ಬಾಯಲ್ಲಿ ಅಗ್ಗಿ ಆದಂತೆ ಇದೂ ಆಗಿದೆ. ಅರ್ಥ ಸರಳ: ಬೆಂಕಿ ಇಟ್ಟುಕೊಳ್ಳುವ ಜಾಗ ಅಥವಾ ಪಾತ್ರೆ. ಈಗಲೂ ನಿಘಂಟಿನಲ್ಲಿ ಬದುಕಿರುವ ಪದ. ಹಳೆಯ ಕಾದಂಬರಿಗಳನ್ನು ಓದಿದವರಿಗೂ ಹೊಸದಲ್ಲ.

ಶಾಸನಗಳಲ್ಲಿ ಇದು ಬರಿಯ ಪಾತ್ರೆಯಲ್ಲ, ಒಂದು ಧರ್ಮಕಾರ್ಯದ ಹೆಸರು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವುದು ಅರವಟ್ಟಿಗೆ. ಚಳಿಗಾಲದಲ್ಲಿ ಬೆಂಕಿ ಕೊಡುವುದು ಅಗ್ಗಿಷ್ಟಗೆ. ಇವೆರಡೂ ಒಂದೇ ಮನಸ್ಸಿನ ಎರಡು ಋತು. ಭವಿಷ್ಯಪುರಾಣದ ಉತ್ತರಪರ್ವದಲ್ಲೂ ನೀರಿನ ದಾನದ ವಿಧಿಯ ಪಕ್ಕದಲ್ಲೇ ಈ ಬೆಂಕಿಯ ದಾನದ ವಿಧಿ ಬರುತ್ತದೆ. ಜನ ಸೇರುವ ಕಡೆ ಚಳಿಗಾಲದಲ್ಲಿ ಬೆಂಕಿ ಹಾಕಿಸಿ, ಬಂದವರ ಚಳಿ ಕಳೆಯುವುದು ಪುಣ್ಯ ಅನ್ನೋ ಕಲ್ಪನೆ ಅದು. ಅರವಟ್ಟಿಗೆ ನಮಗೆ ಇನ್ನೂ ನೆನಪಿದೆ. ಏಪ್ರಿಲ್ ಬಂದರೆ ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ ಪುಣ್ಯಾತ್ಮರು ಮಣ್ಣಿನ ಮಡಕೆ ಇಟ್ಟು, ಒದ್ದೆ ಬಟ್ಟೆ ಸುತ್ತಿ, ‘ಅರವಟಿಗೆ’ ಅಂತ ಬೋರ್ಡು ಹಾಕುತ್ತಾರೆ. ಅದರ ಜೋಡಿ ಪದವನ್ನು ಮಾತ್ರ ಮರೆತುಬಿಟ್ಟಿದ್ದೇವೆ.

ಅಮರಕೋಶದಲ್ಲಿ ಕೆಂಡದ ಪಾತ್ರೆಗೆ ನಾಲ್ಕು ಹೆಸರುಗಳಿವೆ: ಅಂಗಾರಧಾನಿಕಾ, ಅಂಗಾರಶಕಟೀ, ಹಸಂತೀ, ಹಸನೀ. ಕೊನೆಯ ಎರಡಕ್ಕೆ ‘ನಗುವವಳು’ ಅಂತ ಅರ್ಥ ಬರುತ್ತದೆ. ಬೂದಿ ಕೆದಕಿದಾಗ ಕೆಂಪು ಮಿಂಚುವುದನ್ನು ನೋಡಿದವರಿಗೆ ಈ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ.

ಬೆಂಕಿಗೆ ಭೂಮಿ ಯಾಕೆ?

ಒಂದು ಅಗ್ಗಿಷ್ಟಗೆಗೆ ದತ್ತಿ ಯಾಕೆ ಬೇಕು? ನಾಲ್ಕು ಕಲ್ಲು ಜೋಡಿಸಿ ಬೆಂಕಿ ಹಾಕಿದರೆ ಸಾಲದೆ? ಇಲ್ಲಿ ಎಂಜಿನಿಯರಿಗೆ ಚೆನ್ನಾಗಿ ಗೊತ್ತಿರುವ ಮಾತೊಂದಿದೆ: ಕಟ್ಟುವ ಖರ್ಚು ಒಂದು ಸಲ, ನಡೆಸುವ ಖರ್ಚು ಪ್ರತಿ ವರ್ಷ. ನಮ್ಮ ಶಾಸನಗಳನ್ನು ಬರೆಸಿದವರಿಗೆ ಇದು ಬಹಳ ಚೆನ್ನಾಗಿ ಗೊತ್ತಿತ್ತು.

ಒಂದು ಒಳ್ಳೆಯ ಉದಾಹರಣೆ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದ್ದು. ಅವನ ಮಂತ್ರಿ ನಾರಾಯಣ ಅಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು. ಅವರ ವಾಸಕ್ಕೆ 27 ಮನೆಗಳು, ದೀಪಕ್ಕೇ ಪ್ರತ್ಯೇಕವಾಗಿ 12 ನಿವರ್ತನ ಭೂಮಿ. ಗಮನಿಸಿ, ದೀಪಕ್ಕೆ ದುಡ್ಡಲ್ಲ, ಭೂಮಿ. ದುಡ್ಡು ಖರ್ಚಾಗಿ ಹೋಗುತ್ತದೆ. ಭೂಮಿ ಪ್ರತಿ ವರ್ಷ ಬೆಳೆಯುತ್ತದೆ, ಆ ಬೆಳೆಯಲ್ಲಿ ಪ್ರತಿ ವರ್ಷ ಎಣ್ಣೆ ಬರುತ್ತದೆ. ಆಚಂದ್ರಾರ್ಕ, ಅಂದರೆ ಸೂರ್ಯ ಚಂದ್ರರಿರುವ ತನಕ ನಡೆಯಬೇಕು ಅನ್ನೋದು ಬರೀ ಆಶಯವಲ್ಲ, ಅದಕ್ಕೆ ತಕ್ಕ ಹಣಕಾಸಿನ ಏರ್ಪಾಡೂ ಹೌದು.

ಅಗ್ಗಿಷ್ಟಗೆಗೂ ಇದೇ ತರ್ಕ. ಉರಿಯುವ ಕಟ್ಟಿಗೆ ಸಂಜೆಗೆ ಬೂದಿ. ನಾಳೆ ಮತ್ತೆ ಬೇಕು, ಮುಂದಿನ ವರ್ಷ ಮತ್ತೆ ಬೇಕು. ದೀಪದ ಎಣ್ಣೆಯ ಹಾಗೆ ಬೆಚ್ಚಗಿನ ಶಾಖವನ್ನೂ ನಡೆಸುವ ಖರ್ಚಿನ ಬಾಬ್ತಿಗೆ ಸೇರಿಸಿದ್ದಾರೆ. ಚಳಿ ಅನ್ನೋದು ಅವರವರ ಮನೆಯ ಕಷ್ಟ ಎಂದು ಬಿಡದೆ, ಊರು ಹೊರಬೇಕಾದ ಖರ್ಚು ಎಂದು ಬಗೆದ ಮನಸ್ಸು ಇದರ ಹಿಂದೆ ಇದೆ.

ಇನ್ನೊಂದು ವಿಷಯವನ್ನು ಪಂಚಾಂಗ ಲೆಕ್ಕ ಹಾಕುವ ಗೆಳೆಯರು ಮೆಚ್ಚಬಹುದು. ಅಸಂಖ್ಯ ದಾನಗಳು ಉತ್ತರಾಯಣ ಸಂಕ್ರಮಣದ ದಿನ ಆಗಿವೆ. ಇವತ್ತು ಸಂಕ್ರಾಂತಿ ಜನವರಿ 14 ಅಥವಾ 15. ಹನ್ನೆರಡನೆಯ ಶತಮಾನದಲ್ಲಿ ಅದು ಜೂಲಿಯನ್ ಲೆಕ್ಕದಲ್ಲಿ ಡಿಸೆಂಬರ್ 24-25ರ ಆಸುಪಾಸು ಬರುತ್ತಿತ್ತು. ಈಗಿನ ಗ್ರೆಗೋರಿಯನ್ ಲೆಕ್ಕಕ್ಕೆ ತರಲು 7 ದಿನ ಸೇರಿಸಿದರೆ ವರ್ಷದ ಕೊನೆಯ ದಿನ, ಇಲ್ಲವೇ ಹೊಸ ವರ್ಷದ ಮೊದಲ ದಿನ. ನಮ್ಮ ನಾಡಿನ ಚಳಿ ಬಲವಾಗಿರುವ ವಾರಗಳೇ ಅವು. ಅಂಥ ದಿನ ‘ಕಾಲಂ ಕರ್ಚಿ ಧಾರಾಪೂರ್ವಕಂ’ ದಾನ, ಅಂದರೆ ಪಡೆಯುವವರ ಕಾಲು ತೊಳೆದು ಕೈಗೆ ನೀರೆರೆದು. ಆ ನೀರಿನ ತಣ್ಣಗನ್ನು ನೆನೆದರೆ, ದಾನ ಕೊಡುವವನಿಗೆ ಅಗ್ಗಿಷ್ಟಗೆಯ ಯೋಚನೆ ಬಂದದ್ದು ಆಶ್ಚರ್ಯ ಅನ್ನಿಸೋದಿಲ್ಲ. ಇದು ನನ್ನ ಊಹೆ, ಶಾಸನ ಹಾಗೆ ಹೇಳೋದಿಲ್ಲ.

ಅಪ್ಪ ಮತ್ತು ಹೀಟರು

ಈಗ ಮನೆಯ ಮಾತು. ಅಪ್ಪನಿಗೆ ಎಂಬತ್ತರ ಹತ್ತಿರ. ಸಾಗರದ ಕಡೆಯ ಹಳ್ಳಿ, ಹೆಂಚಿನ ಮನೆ, ದಪ್ಪ ಮಣ್ಣಿನ ಗೋಡೆ. ಎರಡು ವರ್ಷದಿಂದ ಉಸಿರಾಟದ ತೊಂದರೆ. “ಹೊಗೆ ಹತ್ತಿರ ಸುಳೀಬಾರದು” ಅಂತ ಡಾಕ್ಟರು ಖಡಾಖಂಡಿತ ಹೇಳಿದರು. ಬಚ್ಚಲೊಲೆಯ ಮುಂದೆ ಕೂರೋದು ಬಂದ್. ಅರವತ್ತು ವರ್ಷಕ್ಕೂ ಮೀರಿದ ರೂಢಿ ಅದು: ನಸುಕಿನಲ್ಲಿ ಎದ್ದು ಅಡಿಕೆ ಸಿಪ್ಪೆ ಒಟ್ಟಿ, ಹಂಡೆಗೆ ನೀರು ತುಂಬಿ, ಬೆನ್ನಿಗೆ ಕಂಬಳಿ ಹೊದ್ದು, ಕಾಫಿ ಲೋಟ ಹಿಡಿದು ಕೂರೋದು.

ನಾನು ಬೆಂಗಳೂರಿನಿಂದ 2000 ವಾಟ್‌ನ ಫ್ಯಾನ್ ಹೀಟರ್ ಒಯ್ದೆ. ಜೊತೆಗೆ ಎರಡು ಥರ್ಮಾಮೀಟರು. ಡಿಸೆಂಬರಿನ ಒಂದು ಬೆಳಗ್ಗೆ ಅಪ್ಪನ ಕೋಣೆಯಲ್ಲಿ 16.5 ಡಿಗ್ರಿ. ಹೀಟರ್ ಹಚ್ಚಿ ಎರಡು ಗಂಟೆ ಬಿಟ್ಟು ನೋಡಿದರೆ 19.5. ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎನ್ನುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಕೆಲಸ ಮುಗಿಯಿತು.

ಅಪ್ಪ ಒಪ್ಪಲಿಲ್ಲ. “ಗಾಳಿ ಬಿಸಿ ಆಗ್ತದೆ ಮಾರಾಯ, ಮೈ ಬಿಸಿ ಆಗೂದಿಲ್ಲ” ಅಂದರು. ಮಾರನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಹಾಸಿಗೆ ಖಾಲಿ. ಬಚ್ಚಲಲ್ಲಿ ಒಲೆ ಮುಂದೆ ಕೂತಿದ್ದಾರೆ, ಕೆಮ್ಮುತ್ತಾ. ಸಿಟ್ಟು ಬಂತು. ಕೈಯಲ್ಲಿದ್ದ ಥರ್ಮಾಮೀಟರ್ ಅಲ್ಲಿ ಹಿಡಿದೆ. ಬಚ್ಚಲಿನ ಗಾಳಿ 17. ನಾನು ಕಾಯಿಸಿದ ಕೋಣೆಗಿಂತ ತಣ್ಣಗೆ. ಆದರೂ ಅಪ್ಪನ ಮುಖದಲ್ಲಿ ಆರಾಮು ಕಾಣುತ್ತಿತ್ತು.

ಆಗ ಹೊಳೆಯಿತು, ಥರ್ಮಾಮೀಟರನ್ನು ನಾನು ತಪ್ಪು ಜಾಗದಲ್ಲಿ ಹಿಡಿಯುತ್ತಿದ್ದೆ.

ಕೋಣೆಯನ್ನೋ, ಮನುಷ್ಯನನ್ನೋ?

ಮೈಗೆ ಅನ್ನಿಸುವ ಬೆಚ್ಚಗೆ ಗಾಳಿಯ ಉಷ್ಣತೆ ಒಂದರಿಂದಲೇ ಬರೋದಿಲ್ಲ. ಸುತ್ತಲಿನ ಗೋಡೆ, ಛಾವಣಿ, ಬೆಂಕಿಗಳಿಂದ ವಿಕಿರಣವಾಗಿ ಬರುವ ಶಾಖವೂ ಅಷ್ಟೇ ಮುಖ್ಯ. ಗಾಳಿ ಹೆಚ್ಚು ಬೀಸದ ಜಾಗದಲ್ಲಿ ಇವೆರಡರ ಸರಾಸರಿಯನ್ನು ಮೈ ಗ್ರಹಿಸುತ್ತದೆ ಅಂತ ಸ್ಥೂಲವಾಗಿ ಹೇಳಬಹುದು. ಗಾಳಿ 17 ಇದ್ದು, ಬೆಂಕಿಯೂ ಸೇರಿ ಸುತ್ತಲಿನ ವಿಕಿರಣದ ಸರಾಸರಿ 27 ಇದ್ದರೆ, ಕೂತವನಿಗೆ 22ರಲ್ಲಿ ಇದ್ದ ಹಾಗೆ. ನನ್ನ ಹೀಟರ್ ಗಾಳಿಯನ್ನು 19.5ಕ್ಕೆ ಏರಿಸಿತ್ತು, ಗೋಡೆ ಮಾತ್ರ ರಾತ್ರಿಯ ತಣ್ಣಗನ್ನೇ ಹಿಡಿದುಕೊಂಡಿತ್ತು. ಬಿಸಿಗಾಳಿ ಮೇಲೆ ಹೋಗಿ ಹೆಂಚಿನ ಸಂದಿನಲ್ಲಿ ಪಾರಾಗುತ್ತಿತ್ತು. ಅಂದರೆ ನಾನು ಕರೆಂಟು ಸುಟ್ಟು ಕಾಯಿಸಿದ್ದು ಮಲೆನಾಡಿನ ಆಕಾಶವನ್ನು.

ಕೆಂಡದ ಲೆಕ್ಕ ಬೇರೆ. ವಿಕಿರಣ ಉಷ್ಣತೆಯ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ನಿಗಿನಿಗಿ ಕೆಂಡ 700 ಡಿಗ್ರಿ ಇದ್ದರೆ, ಅರ್ಧ ಚದರ ಅಡಿಯಷ್ಟು ಮೇಲ್ಮೈಯಿಂದಲೇ ಸುಮಾರು 2 ಕಿಲೋವಾಟ್ ಹೊಮ್ಮುತ್ತದೆ. ನನ್ನ ಹೀಟರಿನಷ್ಟೇ. ಆದರೆ ಅದು ಗಾಳಿಗೆ ಕಾಯದೆ, ಎದುರು ಕೂತವರ ಅಂಗೈಗೆ, ಎದೆಗೆ, ಮೊಣಕಾಲಿಗೆ ನೇರವಾಗಿ ತಲುಪುತ್ತದೆ. ಬೆನ್ನು ತಣ್ಣಗಾಗುತ್ತದೆ, ಅದಕ್ಕೇ ಕಂಬಳಿ. ಮುಂದೆ ಬೆಂಕಿ, ಹಿಂದೆ ಕಂಬಳಿ. ತೆರೆದ ಜಗಲಿಯಲ್ಲೂ ಮಂಟಪದಲ್ಲೂ ಕೆಲಸ ಮಾಡುವ ವ್ಯವಸ್ಥೆ ಇದು. ಗಾಳಿಯಾಡುವ ನಮ್ಮ ಕಟ್ಟಡಗಳಿಗೆ ಇದಕ್ಕಿಂತ ಬೇರೆ ಹೊಂದುವ ವಿಧಾನವೇ ಇರಲಿಲ್ಲ.

ಹಾಗೆ ನೋಡಿದರೆ ನಮ್ಮ ಮನೆಗಳ ಹಳೆಯ ರೂಢಿಗಳೆಲ್ಲ ಹೀಗೇ ಇವೆ. ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುತ್ತಿದ್ದರು, ಕೋಣೆ ಕಾಯಲಿ ಅಂತಲ್ಲ, ಬೆನ್ನು ಸೊಂಟ ಕಾಯಲಿ ಅಂತ. ಕಾಶ್ಮೀರದ ಕಾಂಗ್ಡಿಯೂ ಇದೇ ಜಾತಿ. ಬೆತ್ತದ ಬುಟ್ಟಿಯಲ್ಲಿ ಮಣ್ಣಿನ ಕೆಂಡದ ಪಾತ್ರೆ ಇಟ್ಟು, ನಿಲುವಂಗಿಯ ಒಳಗೇ ಹಿಡಿದು ಓಡಾಡುತ್ತಾರೆ. ಅಷ್ಟು ಚಳಿಯ ನಾಡಿನಲ್ಲೂ ಅವರು ಮೊದಲು ಕಾಯಿಸುವುದು ಮನುಷ್ಯನನ್ನು.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯನ್ನು ಇಂಗ್ಲೆಂಡಿನ ಕಂದಾಯ ದಾಖಲೆಗಳಲ್ಲಿ ನೋಡಬಹುದು. ಅಲ್ಲಿ 1662ರಿಂದ 1689ರವರೆಗೆ ಅಗ್ಗಿಷ್ಟಿಕೆ ತೆರಿಗೆ ಇತ್ತು, ಮನೆಯೊಳಗಿನ ಒಂದೊಂದು ಬೆಂಕಿಗೂಡಿಗೆ ವರ್ಷಕ್ಕೆ 2 ಶಿಲ್ಲಿಂಗ್. ಕೋಣೆಗೊಂದು ಬೆಂಕಿಗೂಡು ಇರುವ ದೇಶದಲ್ಲಿ ಮಾತ್ರ ಇಂಥ ತೆರಿಗೆ ಸಾಧ್ಯ. ನಮ್ಮ ಶಾಸನಗಳಲ್ಲಿ ಮನೆದೆರೆ ಇದೆ, ಗಾಣದೆರೆ ಇದೆ, ಮಗ್ಗದೆರೆ ಇದೆ. ಅಗ್ಗಿಷ್ಟಗೆ ಬರುವುದು ತೆರಿಗೆಯ ಪಟ್ಟಿಯಲ್ಲಲ್ಲ, ದಾನದ ಪಟ್ಟಿಯಲ್ಲಿ.

ಎಷ್ಟು ಡಿಗ್ರಿ ಸಾಕು?

ಹಾಗಾದರೆ ನಮ್ಮ ಜನಕ್ಕೆ ಎಷ್ಟು ಡಿಗ್ರಿ ಹಿತ? ಇದಕ್ಕೆ ಭಾರತದಲ್ಲೇ ಮಾಡಿದ ಅಧ್ಯಯನವಿದೆ. ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾಗಳ ಕಚೇರಿಗಳಲ್ಲಿ ಜನರನ್ನು ಕೇಳಿ, ಅಳೆದು, 2016ರಲ್ಲಿ ಪ್ರಕಟಿಸಿದ್ದು. ಕಿಟಕಿ ತೆರೆದಿಡುವ ಕಟ್ಟಡಗಳಿಗೆ ಅದು ಕೊಡುವ ಸೂತ್ರ ಹೀಗಿದೆ: ಕಳೆದ 30 ದಿನದ ಹೊರಗಿನ ಸರಾಸರಿಯನ್ನು 0.54ರಿಂದ ಗುಣಿಸಿ 12.83 ಕೂಡಿಸಿ. ಹೊರಗೆ ಸರಾಸರಿ 21 ಇದ್ದರೆ ಉತ್ತರ ಸುಮಾರು 24. ಅದೇ ಬೇಸಿಗೆಯಲ್ಲಿ ಹೊರಗೆ 28 ಇದ್ದರೆ ಸುಮಾರು 28. ಅಂದರೆ ಹಿತವೆನ್ನುವುದು ಒಂದೇ ಅಂಕೆಯಲ್ಲ, ಋತುವಿನ ಜೊತೆ ಸರಿಯುತ್ತದೆ. ಈ ಲೆಕ್ಕದ ಪ್ರಕಾರ ಅಪ್ಪನಿಗೆ 19.5 ಸಾಲದು. ಅವರು ಹಟ ಮಾಡಿರಲಿಲ್ಲ, ಸರಿಯಾಗೇ ಹೇಳಿದ್ದರು.

ಇನ್ನೊಂದು ತಮಾಷೆ ನೋಡಿ. ‘ಶಾಸನ’ ಅಂದರೆ ಈಗ ಸರ್ಕಾರದ ಕಾನೂನು ಅನ್ನೋ ಅರ್ಥವೂ ಇದೆ. 2020ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಸ್ಟಾರ್ ಲೇಬಲ್‌ನ ಕೋಣೆ ಎಸಿಗಳು ಹಚ್ಚಿದ ಕೂಡಲೆ 24 ಡಿಗ್ರಿಗೆ ನಿಲ್ಲುವಂತೆ ಇರಬೇಕು ಅಂತ ನಿಯಮ ಬಂತು. ವಿದ್ಯುತ್ ಉಳಿಸಲು ಮಾಡಿದ ಒಳ್ಳೆಯ ನಿಯಮವೇ. ಈ ಹೊಸ ಶಾಸನದಲ್ಲಿ ಅಂಕೆ ಇದೆ, ಕೋಣೆ ಇದೆ, ಯಂತ್ರ ಇದೆ. ಹಳೆಯದರಲ್ಲಿ ಅಂಕೆ ಇಲ್ಲ. ಬೆಂಕಿ ಇದೆ, ಅದರ ಸುತ್ತ ಕೂರುವವರಿದ್ದಾರೆ.

ಕೂರುವವರು ಯಾರು ಅನ್ನೋದನ್ನೂ ಕೇಳಿಕೊಳ್ಳಲೇಬೇಕು. ಅಗ್ರಹಾರಕ್ಕೆ ಕೊಟ್ಟ ಅಗ್ಗಿಷ್ಟಗೆಯ ಮುಂದೆ ಮೊದಲ ಸಾಲು ಬ್ರಾಹ್ಮಣರದ್ದು, ಮಠಕ್ಕೆ ಕೊಟ್ಟದ್ದರ ಮುಂದೆ ತಪೋಧನರದ್ದು. ಕಾಡಿನಿಂದ ಕಟ್ಟಿಗೆ ಹೊತ್ತು ತಂದವರ ಹೆಸರು ಕಲ್ಲಿನ ಮೇಲೆ ಬರೋದಿಲ್ಲ. ಎಲ್ಲರಿಗೂ ಬಾಗಿಲು ತೆರೆದದ್ದನ್ನು ಹೆಮ್ಮೆಯಿಂದ ಬರೆಸಿದ ಶಾಸನಗಳೂ ಇವೆ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಕುಂಟರು, ಕುರುಡರು, ಕಿವುಡರು, ಭಿಕ್ಷುಕರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುವ ತಾಣ ಅದು ಎಂದು ಒಬ್ಬೊಬ್ಬರನ್ನೇ ಎಣಿಸುತ್ತದೆ. ಅಲ್ಲಿ ಚಳಿಗೆ ನಡುಗುವವರನ್ನು ಹೊರಗಿಟ್ಟಿರಲಾರರು. ಆದರೆ ಎಲ್ಲ ಬೆಂಕಿಗಳೂ ಎಲ್ಲರದಾಗಿದ್ದವು ಎಂದು ಹೇಳಿ ನಾವು ಬೆಚ್ಚಗಾಗುವುದು ಬೇಡ.

ಹೊಗೆಯ ಲೆಕ್ಕ

ಬೆಂಕಿಯನ್ನು ಹೊಗಳಿ ನಿಲ್ಲಿಸಿದರೆ ಅರ್ಧ ಸತ್ಯ. ಅಪ್ಪನ ಪುಪ್ಪುಸದ ಪಾಡಿಗೆ ಆ ಅರವತ್ತು ವರ್ಷದ ಹೊಗೆಯ ಪಾಲೂ ಇದೆ ಎಂದು ಡಾಕ್ಟರು ಹೇಳಿದ್ದಾರೆ. ಅಮ್ಮ ಕೆಮ್ಮಿದ್ದು ಇನ್ನೂ ಹೆಚ್ಚು, ಅವಳು ಅಡುಗೆಮನೆಯ ಒಲೆಯನ್ನೂ ಊದಿದವಳು. ಇದನ್ನು ಓದಿ ಯಾರಾದರೂ ಪೇಟೆಯ ಫ್ಲ್ಯಾಟಿನಲ್ಲಿ ಕಿಟಕಿ ಮುಚ್ಚಿ ಇದ್ದಿಲ ಕೆಂಡ ಇಟ್ಟುಕೊಳ್ಳಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಹೆಂಚಿನ ಸಂದುಗಳು ಶಾಖವನ್ನು ಕಳೆದರೂ ಜೀವ ಉಳಿಸುತ್ತಿದ್ದವು. ನಮ್ಮ ಈಗಿನ ಸ್ಲ್ಯಾಬು, ಗಾಜಿನ ಕಿಟಕಿ ಆ ಕೆಲಸ ಮಾಡೋದಿಲ್ಲ.

ಕೊನೆಗೆ ನಾವು ಎರಡು ಕೆಲಸ ಮಾಡಿದೆವು. ಫ್ಯಾನ್ ಹೀಟರ್ ವಾಪಸು ತಂದು, ಕೆಂಪಗೆ ಕಾಯುವ ಕಡ್ಡಿಗಳ, ಎದುರಿದ್ದವರನ್ನೇ ಕಾಯಿಸುವ ವಿಕಿರಣ ಹೀಟರ್ ಇಟ್ಟೆವು. ಬಚ್ಚಲೊಲೆಯನ್ನು ಒಡೆಸಿ, ಹೊಗೆ ಕೊಳವೆ ಇರುವ ಒಲೆ ಕಟ್ಟಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳ ಅಡುಗೆಮನೆಗಳಿಗೆ ಬಂದದ್ದು ಹಲವರಿಗೆ ನೆನಪಿರಬಹುದು. ಅದೇ ತತ್ವ: ಬೆಂಕಿ ಒಳಗೆ, ಹೊಗೆ ಹೊರಗೆ.

ಹೊಸ ವರ್ಷದ ರಜೆಗೆ ಹೋದಾಗ ಅಪ್ಪ ಕೋಣೆಯ ಹೀಟರಿನ ಮುಂದೆ ಕೂತಿದ್ದರು. ಬೆನ್ನಿಗೆ ಕಂಬಳಿ ಇತ್ತು. “ಹೆಂಗಿದೆ?” ಅಂದೆ. “ಬಿಸಿ ಚೊಲೋ ಬರ್ತದೆ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಇದ್ರ ಹತ್ರ ಯಾರೂ ಬಂದು ಕೂರೂದಿಲ್ಲ” ಅಂದರು. ಹೌದು. ಬಚ್ಚಲೊಲೆಯ ಮುಂದೆ ಹಾಲು ತಂದವನು ಕೂರುತ್ತಿದ್ದ, ತೋಟಕ್ಕೆ ಹೋಗುವ ಆಳುಗಳು ಕೈ ಕಾಸಿಕೊಂಡು ಹೋಗುತ್ತಿದ್ದರು, ಪಕ್ಕದ ಮನೆಯ ಅಜ್ಜ ಊರ ಸುದ್ದಿ ತರುತ್ತಿದ್ದ. ಹೀಟರು ಮಲಗುವ ಕೋಣೆಯಲ್ಲಿತ್ತು. ಹೊರಗಿನವರು ಅಲ್ಲಿಗೆ ಯಾಕೆ ಬರುತ್ತಾರೆ?

ಅದನ್ನು ಎತ್ತಿ ಜಗಲಿಯ ಮೂಲೆಗೆ ಇಟ್ಟೆ. ಎಂಜಿನಿಯರಿಂಗ್ ಪ್ರಕಾರ ಇದು ತಪ್ಪು, ಜಗಲಿಯಲ್ಲಿ ಶಾಖ ಹೆಚ್ಚು ಪೋಲಾಗುತ್ತದೆ. ಮಾರನೆಯ ದಿನ ಹಾಲಿನವನು ಕ್ಯಾನು ಕೆಳಗಿಟ್ಟು ಅಂಗೈ ಚಾಚಿ ನಿಂತ. ಅಪ್ಪ ಅವನಿಗೆ ಮಣೆ ಸರಿಸಿದರು.

ನನ್ನ ಹಾಳೆಯಲ್ಲಿ ಅಗ್ಗಿಷ್ಟಗೆಗೆ ಈಗ ಸ್ವಂತ ಕಾಲಂ ಇದೆ, ಅರವಟ್ಟಿಗೆಯ ಪಕ್ಕದಲ್ಲೇ. ಅದರಲ್ಲಿ ಮೂರು ಉಪ ಕಾಲಂಗಳು: ಬೆಂಕಿ ಎಲ್ಲಿತ್ತು, ಯಾರಿಗಾಗಿ ಇತ್ತು, ಕಟ್ಟಿಗೆಗೆ ಏನು ಬಿಟ್ಟಿದ್ದರು. ನಿಮ್ಮ ಊರಿನ ಶಾಸನದಲ್ಲಿ ಈ ಪದ ಕಂಡರೆ ದಯವಿಟ್ಟು ತಿಳಿಸಿ. ನನ್ನ ಹಾಗೆ ಯಜ್ಞದ ಕಾಲಂಗೆ ಮಾತ್ರ ಹಾಕಬೇಡಿ.